ಮೂಲೆಯ ಕಂಪ್ಯೂಟರಿನಲ್ಲಿ ಕೂತವರು

ಮಾರ್ಚ್ ೩, ಭಾನುವಾರ

ಆಟ ಮುಗಿಯಿತು. ಇನ್ನು ಮುಟ್ಟಬಾರದು ಎಂದು ಕೈ ಕಟ್ಟಿಕೊಂಡು ಕೂತಿದ್ದೇನೆ. ಮುಟ್ಟಿದರೆ ಸರಿಯಿದ್ದದ್ದೂ ಕೆಡುತ್ತದೆ. ಬ್ರೌಸರಿನಲ್ಲಿ ತೆರೆದರೆ ಸಾಕು, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಎಡಗಡೆಯಿಂದ ಬಾಟಲಿಗಳು ಸಾಲಾಗಿ ಬರುತ್ತವೆ. ನಡುವೆ ಒಂದು ಕೆಂಪು ಗೆರೆ. ಬಿರುಕು ಬಿಟ್ಟ ಬಾಟಲಿ ಗೆರೆಗೆ ಬಂದಾಗ ಸ್ಪೇಸ್ ಗುಂಡಿ ಒತ್ತಬೇಕು, ಫೋನಿನಲ್ಲಾದರೆ ಪರದೆ ಮುಟ್ಟಬೇಕು. ಒಟ್ಟು ಇನ್ನೂರು ಬಾಟಲಿ, ನೂರಕ್ಕೆ ಅಂಕ. ಒಂದೊಂದು ಬಾಟಲಿ ಗೆರೆ ದಾಟುವಾಗಲೂ ‘ಟಿಕ್’ ಎನ್ನುತ್ತದೆ. ಆ ಸದ್ದು ಅಪ್ಪನ ಮೇಜಿನ ಮೇಲಿರುವ ಗೋಡೆ ಗಡಿಯಾರದ್ದು. ಅದರ ಪಕ್ಕ ಫೋನಿಟ್ಟು ಹಿಡಿದೆ.

ಅಪ್ಪ ಗಡಿಯಾರ ರಿಪೇರಿಯ ಕಣ್ಣುಗಾಜನ್ನು ಹಣೆಗೇರಿಸಿ ಹೇಳಿದ: “ವಾರವೆಲ್ಲ ಬಾಟಲಿ ನೋಡಿ ಬರ್ತೀಯ, ರಜೆ ದಿನಾನೂ ಬಾಟಲೀನೇ ಬರೀತಾ ಕೂರ್ತೀಯ. ಬೇರೇನೂ ಸಿಗಲಿಲ್ವಾ ನಿಂಗೆ?”

“ಕಪ್ಪೆ ಆಟ ಮಾಡಿದ್ನಲ್ಲಪ್ಪ.”

“ಆ ಕಪ್ಪೆ ಗೋಡೆಯೊಳಗೆ ಹೋಗಿ ಸಿಕ್ಕಾಕ್ಕೊಳ್ತಿತ್ತು.”

ನಿಜ. ಕಪ್ಪೆ ಗೋಡೆಯೊಳಗೆ, ಹಾವು ಪರದೆಯಾಚೆ, ವಿಮಾನ ಎಲ್ಲಿ ಹೋಯಿತೋ ನನಗೇ ಗೊತ್ತಿಲ್ಲ. ನಾಲ್ಕು ವರ್ಷದಿಂದ ಈ ಹಳೆಯ ಲ್ಯಾಪ್‌ಟಾಪಿನಲ್ಲಿ ಒಬ್ಬಳೇ ಕಲಿತದ್ದು. ಮೊದಲ ಸಲ ಒಂದು ಆಟ ನೆಟ್ಟಗೆ ನಿಂತಿದೆ. ಅಪ್ಪ ಏಳು ಸಲ ಆಡಿದ, ಏಳನೆಯದರಲ್ಲಿ ತೊಂಬತ್ತೊಂದು. ಟೀ ತಣ್ಣಗಾಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಾರ್ಚ್ ೭, ಗುರುವಾರ

ನಾನು ಆಟದ ಕೊಂಡಿ ಕಳಿಸಿದ್ದೇ ತಡ, ಬಾಟಲಿ ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರ ಫೋನಿನಲ್ಲೂ ಟಿಕ್ ಟಿಕ್. ತಪಾಸಣೆ ಸಾಲಿನಲ್ಲಿ ನನ್ನನ್ನೂ ಸೇರಿಸಿ ನಾವು ಹತ್ತೊಂಬತ್ತು ಜನ ಹೆಂಗಸರು. ಬೆಳಕಿನ ಹಲಗೆಯ ಮುಂದೆ ಕೂತು, ಹಾದುಹೋಗುವ ಬಾಟಲಿಗಳಲ್ಲಿ ಕೆಟ್ಟದ್ದನ್ನು ಎತ್ತಿ ಹಾಕುವುದು ನಮ್ಮ ಕೆಲಸ. ಅದನ್ನೇ ಊಟದ ಹೊತ್ತಿನಲ್ಲೂ ಆಡಿ ನಗುತ್ತಿದ್ದೇವೆ. ಬಾಯಿ ಮುಚ್ಚದವಳೊಬ್ಬಳಿದ್ದಾಳೆ, ಅವಳನ್ನು ರೇಡಿಯೋ ಎನ್ನುತ್ತೇವೆ. ಅವಳು ಇವತ್ತು ಸುದ್ದಿ ಓದಿದಳು: “ಇಂದಿನಿಂದ ಈಕೆಯನ್ನು ಕಂಪ್ಯೂಟರಮ್ಮ ಅಂತ ಕರೆಯತಕ್ಕದ್ದು!”

ನಮ್ಮಲ್ಲಿ ಹಿರಿಯರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವರು ಮಾತ್ರ ಆಡಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಲಗೆಯ ಮುಂದಿದ್ದಾರೆ. ನನಗೆ ಕೆಲಸ ಕಲಿಸಿದವರು ಅವರೇ. “ನಿಜವಾದ್ದೇ ಸಾವಿರಗಟ್ಟಲೆ ಬರ್ತವೆ ಕಣೇ, ಬಣ್ಣದ್ದು ಯಾಕೆ?” ಎಂದು ಡಬ್ಬಿ ಮುಚ್ಚಿದರು. ಆಮೇಲೆ ನನ್ನ ಬೆನ್ನು ತಟ್ಟಿ, “ಆದ್ರೂ ನಮ್ಮ ಹುಡುಗಿ ಮಾಡಿದ್ದು” ಎಂದರು. ನಲವತ್ತು ಹತ್ತಿರವಾದರೂ ಅವರಿಗೆ ನಾನು ಹುಡುಗಿ.

ಮಾರ್ಚ್ ೧೨, ಮಂಗಳವಾರ

ಮ್ಯಾನೇಜರ್ ಕರೆಸಿದರು. ಕಾರ್ಖಾನೆಯಲ್ಲಿ ಆಡಿದ್ದಕ್ಕೆ ಬೈಯುತ್ತಾರೆಂದುಕೊಂಡೇ ಹೋದೆ. ಅವರು ಕುರ್ಚಿ ತೋರಿಸಿದರು! ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು.

“ಇದನ್ನ ನೀವೇ ಮಾಡಿದ್ದಾ? ಒಬ್ರೇನಾ?”

“ಹೌದು ಸರ್. ಹವ್ಯಾಸ ಅಷ್ಟೆ.”

“ಹವ್ಯಾಸ ಅಂತ ಯಾಕೆ ಸಣ್ಣದು ಮಾಡ್ಕೊಳ್ತೀರಿ? ಯಾರ ಕಣ್ಣು ಚುರುಕು, ಯಾರದ್ದು ಮಂಕು ಅಂತ ಮೂರು ನಿಮಿಷದಲ್ಲಿ ಹೇಳುತ್ತೆ ಇದು.”

ನನ್ನನ್ನು ಬಿಟ್ಟು ಉಳಿದ ಹದಿನೆಂಟು ಜನರಿಗೂ ಪರೀಕ್ಷೆಯಂತೆ. ಎಪ್ಪತ್ತಕ್ಕಿಂತ ಕಡಿಮೆ ಬಂದವರಿಗೆ ‘ಬೇರೆ ಕೆಲಸ’ವಂತೆ. ನನಗೆ ಕಚೇರಿಯಲ್ಲಿ ಮೇಜು, ಪರೀಕ್ಷೆಯ ಉಸ್ತುವಾರಿ. ಮೊದಲು ಬಾಯಿಮಾತು, ತಿಂಗಳ ಕೊನೆಗೆ ನೇಮಕದ ಪತ್ರ. “ಸರ್, ಇದು ಬರೀ ಆಟ…” ಎಂದೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಮಾತು ಅಲ್ಲೇ ನಿಂತಿತು. ಅದನ್ನು ಮುಂದುವರಿಸುವ ಅವಸರ ನನಗೂ ಇರಲಿಲ್ಲ.

ಮಾರ್ಚ್ ೧೮, ಸೋಮವಾರ

ತರಬೇತಿ ಕೋಣೆಯಲ್ಲಿ ಮೂರು ಕಂಪ್ಯೂಟರ್. ಎರಡು ಹಳೆಯವು, ಮೂಲೆಯಲ್ಲೊಂದು ಹೊಚ್ಚ ಹೊಸದು, ಅಗಲ ಪರದೆಯದು. ಒಂದೊಂದಕ್ಕೂ ಆರು ಜನರ ಸರದಿ. ನಾನು ಬಾಗಿಲ ಬಳಿಯ ಮೇಜಿನಲ್ಲಿ ಅಂಕ ಬರೆದುಕೊಳ್ಳುತ್ತಿದ್ದೆ. ಪರದೆಗಳು ಗೋಡೆಯ ಕಡೆಗಿದ್ದವು, ಮೂರರ ಟಿಕ್ ಟಿಕ್ ಒಂದರಲ್ಲೊಂದು ಬೆರೆತಿತ್ತು. ಊಟದ ಕೋಣೆಯಲ್ಲಿ ನಕ್ಕವರೆಲ್ಲ ಬಾಯಿ ಬಿಗಿದು ಕೂತಿದ್ದರು. ಒಬ್ಬಳು ನಾನು ಹೇಳುವ ಮೊದಲೇ ಗುಂಡಿ ಒತ್ತಿ ಆಟ ಶುರು ಮಾಡಿಬಿಟ್ಟಳು.

ಮೂಲೆಯಲ್ಲಿ ಕೂತವರು ಬೇಗ ಬೇಗ ಎದ್ದರು. ಮನಸ್ಸಿಟ್ಟು ಆಡಲಿಲ್ಲವೇನೋ ಅಂದುಕೊಂಡೆ. ದೊಡ್ಡಕ್ಕನೂ ಅಲ್ಲೇ ಕೂತಿದ್ದರು. ಅವರಿಗೆ ಬಂದ ಅಂಕ ಅರವತ್ತೆರಡು.

“ಬಾಟಲಿ ಓಡ್ತಾ ಇತ್ತಲ್ಲೇ,” ಎಂದರು, ಕಣ್ಣುಜ್ಜಿಕೊಂಡು.

“ಎಲ್ಲರಿಗೂ ಒಂದೇ ಅಕ್ಕ,” ಎಂದೆ.

ಮಾರ್ಚ್ ೧೯, ಮಂಗಳವಾರ

ಪಟ್ಟಿ ಹಾಕಿದರು. ಐದು ಜನ ಎಪ್ಪತ್ತಕ್ಕಿಂತ ಕೆಳಗೆ. ಐವರೂ ನಾಳೆಯಿಂದ ಒಡಕು ಗಾಜಿನ ಶೆಡ್ಡಿಗೆ. ಕುಲುಮೆಗೆ ಮತ್ತೆ ಹಾಕುವ ಮೊದಲು ಚೂರುಗಳನ್ನು ಬಣ್ಣದ ಪ್ರಕಾರ ಆರಿಸುವುದು ಅಲ್ಲಿಯ ಕೆಲಸ. ಕೈಗವಸು ಕೊಡುತ್ತಾರೆ. ಸೆಕೆ ತಡೆಯಲಾರದೆ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅದನ್ನು ಕಳಚಿಡುತ್ತಾರೆಂದು ಕೇಳಿದ್ದೇನೆ.

ದೊಡ್ಡಕ್ಕ ಜಗಳವಾಡುತ್ತಾರೆಂದು ಕಾದಿದ್ದೆ. ಆಡಲಿಲ್ಲ. ಹಲಗೆಯ ಪಕ್ಕದಿಂದ ತಮ್ಮ ದಿಂಬು, ನೀರಿನ ಬಾಟಲಿ ತೆಗೆದುಕೊಂಡರು. “ವಯಸ್ಸಾಯ್ತು ಕಣೇ. ನನಗೇ ಗೊತ್ತಾಗಿರಲಿಲ್ಲ, ನಿನ್ನ ಆಟ ಹೇಳ್ತು. ಕಾಣದೆ ಇದ್ದೋಳು ಎಷ್ಟು ದಿನದಿಂದ ಕೆಟ್ಟ ಬಾಟಲಿ ಬಿಟ್ಟುಬಿಟ್ಟಿದ್ದೀನೋ ಏನೋ.”

ದಿಂಬನ್ನು ಶೆಡ್ಡಿನವರೆಗೆ ನಾನೇ ಹೊತ್ತುಕೊಂಡು ಹೋದೆ. ಅಷ್ಟಾದರೂ ಮಾಡಿದೆನಲ್ಲ.

ಮಾರ್ಚ್ ೨೨, ಶುಕ್ರವಾರ

ಮಹಡಿಯ ಕಚೇರಿಯಲ್ಲಿ ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ. ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ಮೂಲೆಯ ಕಂಪ್ಯೂಟರಿನ ಜೊತೆಗೇ ಬಂದದ್ದು. ಹೆಂಗಸರು ಊಟಕ್ಕೆ ಹೋಗುವುದು ಇಲ್ಲಿಂದ ಕಾಣುತ್ತದೆ. ಯಾರೂ ಮೇಲಕ್ಕೆ ನೋಡುವುದಿಲ್ಲ. ಅವರಿಗೂ ಹೊಟ್ಟೆಯುರಿ ಇರುತ್ತದೆ, ಸಹಜ. ಮುಂದಿನ ಶುಕ್ರವಾರ ಮುಖ್ಯ ಕಚೇರಿಯಿಂದ ಅಧಿಕಾರಿ ಬರುತ್ತಾರಂತೆ. ಮೆಚ್ಚಿದರೆ ಉಳಿದ ಕಾರ್ಖಾನೆಗಳಿಗೂ ನನ್ನ ಆಟ. ನನ್ನ ಪತ್ರವೂ ಅಂದೇ.

ಮಾರ್ಚ್ ೨೪, ಭಾನುವಾರ

ಸಮಾಧಾನವಾಗಿ ಬರೆಯಬೇಕು.

ಬೆಳಿಗ್ಗೆ ಅಪ್ಪನಿಗೆ ಹೊಸ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಕೊಟ್ಟೆ. ಅರ್ಧ ನಿಮಿಷ ಆಡಿ ಕೈ ತೆಗೆದ. ಪರದೆ ನೋಡಲಿಲ್ಲ, ತಲೆ ವಾರೆ ಮಾಡಿ ಕೇಳಿಸಿಕೊಂಡ. ಕೆಟ್ಟ ಗಡಿಯಾರ ಬಂದಾಗ ಅವನು ಮಾಡುವುದೇ ಹಾಗೆ.

“ಇದು ಗಡಿಬಿಡಿಯಲ್ಲಿದೆ ಕಣಮ್ಮ.”

“ಅದೇ ಆಟ ಅಪ್ಪ. ನಿಂಗೆ ಹಾಗನ್ನಿಸುತ್ತೆ.”

“ಐವತ್ತು ವರ್ಷದಿಂದ ಟಿಕ್ ಕೇಳಿ ಬದುಕಿರೋನಿಗೆ ಅನ್ನಿಸೋದು ಬೇರೆ, ಕೇಳಿಸೋದು ಬೇರೆ. ಹಳೇದನ್ನ ತಗೊಂಡು ಬಾ.”

ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಟಾಪ್‌ವಾಚ್ ಹಿಡಿದ. ಹಳೆಯದರಲ್ಲಿ ಇನ್ನೂರು ಬಾಟಲಿ ಮುಗಿಯಲು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಹೊಸದರಲ್ಲಿ ಸರಿಯಾಗಿ ಎರಡು ನಿಮಿಷ.

ನನಗೆ ಆ ಕ್ಷಣವೇ ತಿಳಿಯಿತು. ಪರದೆ ಒಂದೊಂದು ಸಲ ಹೊಸದಾಗಿ ಮೂಡಿದಾಗಲೂ ಬಾಟಲಿ ನಾಲ್ಕು ಚುಕ್ಕೆ ಮುಂದಕ್ಕೆ ಹೋಗಲಿ ಎಂದು ಬರೆದಿದ್ದೇನೆ. ಹಳೆಯ ಪರದೆ ಸೆಕೆಂಡಿಗೆ ಅರವತ್ತು ಸಲ ಮೂಡುತ್ತದೆ, ಹೊಸದು ನೂರು ಸಲ, ಜೊತೆಗೇ ಬಂದ ಮೂಲೆಯ ಕಂಪ್ಯೂಟರಿನದೂ ಅಷ್ಟೇ. ಎಷ್ಟು ಹೊತ್ತು ಕಳೆಯಿತೆಂದು ಲೆಕ್ಕ ಹಾಕಿ ಸರಿಸಬೇಕಿತ್ತು. ಕಲಿಯುವವರು ಮಾಡುವ ತಪ್ಪು. ಮಾಡಬೇಡಿ ಎಂದು ನಾನೇ ಎಲ್ಲೋ ಓದಿದ್ದೆ ಕೂಡ.

ಅಂಕದ ಹಾಳೆ ತೆಗೆದು ನೋಡಿದೆ. ಶೆಡ್ಡಿಗೆ ಹೋದ ಐವರೂ ಮೂಲೆಯ ಕಂಪ್ಯೂಟರಿನಲ್ಲಿ ಕೂತವರು. ಅಲ್ಲಿ ಕೂತ ಆರನೆಯವಳು ರೇಡಿಯೋ. ಹಗಲೂ ಇರುಳೂ ಆಡುವವಳು, ಅವಳಿಗೂ ಎಪ್ಪತ್ತೊಂದೇ.

ಅಪ್ಪ ಕೇಳಿದ: “ಕೆಟ್ಟಿದ್ಯಾ?”

“ಸಣ್ಣದು. ಸರಿ ಮಾಡ್ತೀನಿ,” ಎಂದೆ.

ಮಾರ್ಚ್ ೨೫, ಸೋಮವಾರ

ಸರಿ ಮಾಡಿದೆ. ಎರಡೇ ಸಾಲು. ಬೆಳಿಗ್ಗೆ ಯಾರೂ ಬರುವ ಮೊದಲೇ ಹೊಸ ಪ್ರತಿ ಏರಿಸಿದೆ. ಈಗ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ವೇಗ.

ಹನ್ನೊಂದು ಗಂಟೆಗೆ ಮ್ಯಾನೇಜರರ ಬಳಿ ಹೋಗಿ, “ಸರ್, ಇನ್ನೊಂದು ಸಲ ಪರೀಕ್ಷೆ ಮಾಡಿದರೆ ಹೇಗೆ?” ಎಂದೆ.

“ಯಾಕೆ?”

“ಮೊದಲನೇ ಸಲ ಎಲ್ಲರೂ ಹೆದರಿದ್ರು…”

“ಹೆದರೋರಿಗೆ ಹಲಗೆ ಮುಂದೆ ಏನು ಕೆಲಸ? ಶುಕ್ರವಾರ ಆಗಲಿ, ಆಮೇಲೆ ನೋಡೋಣ.”

ಆಮೇಲೆ ನೋಡೋಣ ಎಂದರು. ಇಲ್ಲ ಅನ್ನಲಿಲ್ಲ. ಪತ್ರ ಕೈಗೆ ಬಂದ ಮೇಲೆ ನನ್ನ ಮಾತಿಗೂ ತೂಕವಿರುತ್ತದೆ. ಆಗ ಕೇಳಿದರೆ ಕೆಲಸವಾಗುತ್ತದೆ. ನಾಲ್ಕು ದಿನದ ಮಾತು. ಅವಸರ ಮಾಡಿದರೆ ಅವರಿಗೂ ಉಪಯೋಗವಿಲ್ಲ, ನನಗೂ ಇಲ್ಲ.

ಮಾರ್ಚ್ ೨೬, ಮಂಗಳವಾರ

ಕಿಟಕಿಗೆ ಪರದೆ ಎಳೆದೆ. ಬಿಸಿಲು ಜಾಸ್ತಿ.

ಮಾರ್ಚ್ ೨೭, ಬುಧವಾರ

ಮೂರು ಗಂಟೆಯ ಹೊತ್ತಿಗೆ ಕೂಗು ಕೇಳಿಸಿತು. ಪರದೆ ಸರಿಸಿ ನೋಡಿದೆ. ಶೆಡ್ಡಿನಿಂದ ದೊಡ್ಡಕ್ಕನನ್ನು ಇಬ್ಬರು ಹಿಡಿದುಕೊಂಡು ಬರುತ್ತಿದ್ದರು. ಬಲಗೈಗೆ ಯಾರದೋ ಏಪ್ರನ್ ಸುತ್ತಿದ್ದರು. ಏಪ್ರನ್ ಬಿಳಿಯದು, ಹತ್ತಿರ ಬರುವಷ್ಟರಲ್ಲಿ ಕೆಂಪಾಗಿತ್ತು.

ಮೆಟ್ಟಿಲು ಹೇಗಿಳಿದೆನೋ ನೆನಪಿಲ್ಲ. ರೇಡಿಯೋ ಅಡ್ಡ ಬಂದಳು. “ನೀನು ಮೇಲೇ ಇರು ಕಂಪ್ಯೂಟರಮ್ಮ. ಇಲ್ಲಿ ಜನ ಇದ್ದಾರೆ.” ಅಷ್ಟು ಚಿಕ್ಕ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ.

ಅಂಗೈಗೆ ಒಂಬತ್ತು ಹೊಲಿಗೆ. ಬೆರಳುಗಳ ನರಕ್ಕೆ ಏನೂ ಆಗಿಲ್ಲವಂತೆ.

ಆಸ್ಪತ್ರೆಯಲ್ಲಿ ಅವರು ಅಂದದ್ದನ್ನು ಯಾರೋ ಹೇಳಿದರು: “ಚೂರು ಕಾಣಲಿಲ್ಲ. ನನ್ನ ಕಣ್ಣೇ ಸರಿ ಇಲ್ವಲ್ಲ.”

ಸರಿ ಇದೆ. ಅವರ ಕಣ್ಣು ಸರಿ ಇದೆ. ಇದನ್ನು ಬಲ್ಲವಳು ಈ ಜಗತ್ತಿನಲ್ಲಿ ನಾನೊಬ್ಬಳೇ, ಭಾನುವಾರದಿಂದ.

ಮಾರ್ಚ್ ೨೮, ಗುರುವಾರ

ಮ್ಯಾನೇಜರರಿಗೆ ಹೇಳಿಬಿಟ್ಟೆ. ಎರಡು ಸಲ ಶುರು ಮಾಡಬೇಕಾಯಿತು. ಅವರು ಎದ್ದು ಬಾಗಿಲು ಹಾಕಿದರು.

“ಇದು ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ ಸರ್.”

“ಈಗ ಸರಿ ಹೋಗಿದೆ ತಾನೇ?”

“ಆಟ ಸರಿ ಹೋಗಿದೆ. ಪಟ್ಟಿ ಸರಿ ಹೋಗಿಲ್ಲ.”

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಕೆಟ್ಟವರ ಹಾಗೆ ಕಾಣಲಿಲ್ಲ. ನನ್ನ ಹಾಗೆಯೇ ಕಂಡರು. ಅದೇ ಹೆಚ್ಚು ಹೆದರಿಸಿತು.

“ನೋಡಿ, ಇದು ನಾಳೆ ಹೊರಗೆ ಬಂದ್ರೆ ನಿಮ್ಮ ಮೇಜೂ ಹೋಗುತ್ತೆ, ನನ್ನ ಕುರ್ಚೀನೂ ಅಲ್ಲಾಡುತ್ತೆ. ಒಂದು ತಿಂಗಳು ತಡೀರಿ. ಸದ್ದಿಲ್ಲದೆ ಇನ್ನೊಂದು ಪರೀಕ್ಷೆ ಮಾಡೋಣ, ಒಬ್ಬೊಬ್ಬರನ್ನೇ ವಾಪಸ್ ತರೋಣ. ಯಾರಿಗೂ ನಷ್ಟ ಇಲ್ಲ.”

“ದೊಡ್ಡಕ್ಕನ ಕೈ?”

“ಅದು ಅಪಘಾತ.”

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮನೆಗೆ ಬಂದು ಆಟದ ಹಳೆಯ, ತಪ್ಪಿದ್ದ ಪ್ರತಿಯನ್ನು ಹುಡುಕಿದೆ. ಅಳಿಸಿರಲಿಲ್ಲ.

ಮಾರ್ಚ್ ೨೯, ಶುಕ್ರವಾರ

ಬೆಳಿಗ್ಗೆ ಬೇಗ ಹೋಗಿ ಎರಡು ಕಂಪ್ಯೂಟರಿಗೆ ಹಳೆಯ ಪ್ರತಿ ಹಾಕಿದೆ, ಒಂದು ಹಳೆಯದಕ್ಕೆ, ಒಂದು ಮೂಲೆಯದಕ್ಕೆ.

ಅಧಿಕಾರಿ ಹೆಂಗಸು, ಐವತ್ತರ ಆಸುಪಾಸು, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡಿದ್ದರು. ಮ್ಯಾನೇಜರ್ ಹತ್ತು ನಿಮಿಷ ಮಾತಾಡಿದರು. ಮಾತು ನಿಂತ ಕೂಡಲೇ ನಾನು ನುಗ್ಗಿದೆ. “ಮೇಡಂ, ನೀವೇ ಒಂದ್ಸಲ ಆಡಿ ನೋಡ್ತೀರಾ?” ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಲಿಲ್ಲ.

ಮೂಲೆಯದರಲ್ಲಿ ಕೂರಿಸಿದೆ. ನಲವತ್ತಾರು ಬಂತು.

“ನನ್ನನ್ನೂ ಶೆಡ್ಡಿಗೆ ಕಳಿಸ್ತೀರೇನ್ರಪ್ಪ!” ಎಂದು ನಕ್ಕರು. ಮ್ಯಾನೇಜರೂ ನಕ್ಕರು.

“ಈಗ ಇದರಲ್ಲಿ ಆಡಿ ಮೇಡಂ.” ಹಳೆಯದರಲ್ಲಿ ಎಂಬತ್ತೊಂದು.

“ಅಭ್ಯಾಸ ಆಯ್ತಲ್ಲ, ಅದಕ್ಕೇ,” ಎಂದರು ಮ್ಯಾನೇಜರ್.

“ಹಾಗಾದ್ರೆ ಇನ್ನೊಂದ್ಸಲ ಮೂಲೆಯದರಲ್ಲಿ.” ನಲವತ್ತೊಂಬತ್ತು.

ಈ ಸಲ ಯಾರೂ ನಗಲಿಲ್ಲ. ನಾನು ಎರಡರಲ್ಲೂ ಒಟ್ಟಿಗೆ ಆಟ ಶುರು ಮಾಡಿ ಹಿಂದೆ ಸರಿದೆ. ಎರಡರ ಟಿಕ್ ಟಿಕ್ ಎರಡನೆಯ ಬಾಟಲಿಯ ಹೊತ್ತಿಗೇ ಬೇರೆ ಬೇರೆಯಾಯಿತು. ಅಧಿಕಾರಿ ಕನ್ನಡಕ ಹಾಕಿಕೊಂಡು ಒಂದು ಪರದೆ ನೋಡಿದರು, ಇನ್ನೊಂದು ನೋಡಿದರು. ಮೂಲೆಯದು ಮುಗಿದು ನಿಂತಾಗ ಹಳೆಯದರಲ್ಲಿ ಇನ್ನೂ ಎಂಬತ್ತು ಬಾಟಲಿ ಬಾಕಿ ಇದ್ದವು.

“ಇದರ ಮೇಲೆ ಎಷ್ಟು ಜನರನ್ನ ಕಳಿಸಿದ್ದೀರಿ?”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ನಾನೇ ಹೇಳಿದೆ, “ಐದು ಜನ ಮೇಡಂ. ಐವರೂ ಇಲ್ಲಿ ಕೂತಿದ್ದೋರು.”

“ಇದನ್ನ ಬರೆದಿದ್ದು ಯಾರು?”

“ನಾನು. ತಪ್ಪು ನನ್ನ ಬರವಣಿಗೆಯದ್ದು. ಅವರ ಕಣ್ಣಿನದ್ದಲ್ಲ.”

ಅಧಿಕಾರಿ ಮ್ಯಾನೇಜರರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ಪಟ್ಟಿ ಗೋಡೆಯಿಂದ ಇಳಿಯಿತು. ಐವರೂ ಮರಳಿ ಹಲಗೆಗೆ. ನಾನೂ ಮರಳಿ ಹಲಗೆಗೆ; ಪತ್ರ ಕೊಟ್ಟರು, ಬೇರೆ ಪತ್ರ, ಎಚ್ಚರಿಕೆಯದು. ಮೆಟ್ಟಿಲಲ್ಲಿ ಮ್ಯಾನೇಜರ್ ಎದುರಾದರು. “ನನಗೊಂದು ಮಾತು ಮೊದಲೇ ಹೇಳಬಹುದಿತ್ತು,” ಎಂದರು. ನಿನ್ನೆಯೇ ಹೇಳಿದ್ದೆನಲ್ಲ ಎಂದುಕೊಂಡು ಮೆಟ್ಟಿಲಿಳಿದೆ.

ಊಟದ ಕೋಣೆಯಲ್ಲಿ ರೇಡಿಯೋ ಪಕ್ಕ ಜಾಗ ಮಾಡಿದಳು. ಎಲ್ಲರೂ ನನ್ನನ್ನು ಶೂರಳ ಹಾಗೆ ನೋಡಿದರು. ನಾನು ಡಬ್ಬಿ ಮುಚ್ಚಿದೆ.

ಮಾರ್ಚ್ ೩೧, ಭಾನುವಾರ

ದೊಡ್ಡಕ್ಕನ ಮನೆ ಮೂರನೇ ಮಹಡಿಯಲ್ಲಿದೆ. ಬಾಗಿಲು ತೆರೆದವರು ಎಡಗೈಯಲ್ಲಿ ಚಿಲಕ ಹಿಡಿದಿದ್ದರು. ವಿಷಯ ಅಷ್ಟರಲ್ಲೇ ಗೊತ್ತಾಗಿತ್ತು. ರೇಡಿಯೋ ಇರುವಾಗ ಗೊತ್ತಾಗದೇ ಇರುತ್ತದೆಯೇ.

“ಬಾ. ದೊಡ್ಡೋರ ಮುಂದೆ ಧೈರ್ಯವಾಗಿ ಮಾತಾಡಿದೆಯಂತೆ.”

ಕೋಣೆಯಲ್ಲಿ ಕಿಟಕಿಯ ಕೆಳಗೆ ನೆಲದ ಮೇಲೆ ನಾಲ್ಕು ಗುರುತುಗಳಿದ್ದವು, ಏನೋ ಭಾರದ ವಸ್ತು ಇದ್ದ ಜಾಗ. ನಾನು ನೋಡಿದ್ದನ್ನು ನೋಡಿ, “ಹೊಲಿಗೆ ಮಿಷನ್ನು,” ಎಂದರು. “ಮಗಳಿಗೆ ಕೊಟ್ಟುಬಿಟ್ಟೆ. ಸೂಜಿಗೆ ದಾರ ಪೋಣಿಸೋಕೆ ಕೂತ್ರೆ ಕೈ ನಡುಗೋದು. ಕಣ್ಣು ಹೋಯ್ತಲ್ಲ ಅನ್ನೋ ಹೆದರಿಕೆಗೇ ನಡುಗಿದ್ದು ಅಂತ ಈಗ ಗೊತ್ತಾಯ್ತು.”

“ಅಕ್ಕ, ನನ್ನಿಂದ…”

“ತಪ್ಪು ಯಾರಿಂದಾಗಲ್ಲ ಬಿಡು. ನಾನು ಹೇಳಿದ್ನಲ್ಲೇ, ಬಾಟಲಿ ಓಡ್ತಾ ಇದೆ ಅಂತ. ಇಪ್ಪತ್ತೆರಡು ವರ್ಷ ನೋಡಿದೋಳ ಮಾತಿಗಿಂತ ನಿನಗೆ ಆ ಅಂಕಾನೇ ಹೆಚ್ಚಾಯ್ತು. ಅದಕ್ಕೆ ಬೇಜಾರು.” ಆಮೇಲೆ ಕೇಳಿದರು: “ಯಾವತ್ತು ಗೊತ್ತಾಯ್ತು ನಿನಗೆ?”

ಗುರುವಾರ ಎನ್ನಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು. ಗುರುವಾರ ಎಂದಿದ್ದರೆ ಅವರು ಟೀ ಮಾಡಿಸುತ್ತಿದ್ದರು, ನಾನು ಕುಡಿದು ಹಗುರಾಗಿ ಮೆಟ್ಟಿಲಿಳಿಯುತ್ತಿದ್ದೆ. ನಿಜವಾದ ದಿನ ಗೊತ್ತಿದ್ದವರು ಅಪ್ಪನನ್ನು ಬಿಟ್ಟರೆ ಮತ್ಯಾರೂ ಇಲ್ಲ.

“ಭಾನುವಾರ ಅಕ್ಕ. ಹೋದ ಭಾನುವಾರ.”

ಅವರು ಎಡಗೈಯ ಬೆರಳು ಮಡಚಿದರು. ಭಾನುವಾರ. ಸೋಮವಾರ. ಮಂಗಳವಾರ. ಬುಧವಾರಕ್ಕೆ ನಿಲ್ಲಿಸಿ, ಬ್ಯಾಂಡೇಜು ಸುತ್ತಿದ ಬಲಗೈ ನೋಡಿಕೊಂಡರು.

ಬೈಯಲಿಲ್ಲ. ಎದ್ದು ಬಾಗಿಲು ತೆರೆದು ಹಿಡಿದರು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟು ಕೇಳಿಸಿಕೊಂಡ. “ಹೇಳಿದ್ದು ಒಳ್ಳೇದಾಯ್ತು,” ಎಂದ. “ಹಾಗಂತ ಅವರು ಕ್ಷಮಿಸಬೇಕು ಅಂತೇನಿಲ್ಲ.”

ಏಪ್ರಿಲ್ ೭, ಭಾನುವಾರ

ಆಟವನ್ನು ತೆಗೆದುಹಾಕಿದೆ. ಅಪ್ಪ ಗೊಣಗಿದ. ಅವನಿಗೊಂದು ಹೊಸದು ಶುರು ಮಾಡಿದ್ದೇನೆ, ಗಾಳಿಪಟದ್ದು. ದಾರ ಎಳೆಯುವುದು, ಬಿಡುವುದು, ಅಷ್ಟೆ. ಮೊದಲ ಸಾಲಿನಲ್ಲೇ ಹೊತ್ತಿನ ಲೆಕ್ಕ ಬರೆದೆ. ಆಮೇಲೆ ಮೂರು ಬೇರೆ ಬೇರೆ ಕಂಪ್ಯೂಟರಿನಲ್ಲಿ ನೋಡಿದೆ, ಅಂಗಡಿಗೆ ಹೋಗಿ ನಾಲ್ಕನೆಯದರಲ್ಲೂ. ಅಂಗಡಿಯವನು ಕೊಳ್ಳುತ್ತೀರಾ ಎಂದು ಕೇಳಿದ. ಇಲ್ಲ, ಗಾಳಿಪಟ ಹಾರಿಸಲು ಬಂದೆ ಎಂದೆ.

ಏಪ್ರಿಲ್ ೧೫, ಸೋಮವಾರ

ದೊಡ್ಡಕ್ಕ ಬಂದರು. ಹೊಲಿಗೆ ಬಿಚ್ಚಿದ್ದಾರೆ. ನಾವೆಲ್ಲ ಎದ್ದು ನಿಂತೆವು. ನನ್ನ ಪಕ್ಕದ ಜಾಗವೊಂದೇ ಖಾಲಿ ಇತ್ತು. ಬಂದು ಕೂತರು. ಎಂಟು ಗಂಟೆಯಲ್ಲಿ ಒಂದು ಮಾತೂ ಆಡಲಿಲ್ಲ. ಎಡಗೈಯಲ್ಲೇ ಬಾಟಲಿ ಎತ್ತುತ್ತಾರೆ, ಆದರೂ ನನಗಿಂತ ವೇಗ.

ಏಪ್ರಿಲ್ ೧೬, ಮಂಗಳವಾರ

ಮಾತಿಲ್ಲ.

ಏಪ್ರಿಲ್ ೧೮, ಗುರುವಾರ

ಊಟದ ಮುಂಚೆ, ನಾನು ಸರಿಯಿದೆ ಎಂದು ಬಿಟ್ಟ ಬಾಟಲಿಯೊಂದನ್ನು ದೊಡ್ಡಕ್ಕ ಸಾಲಿನಿಂದ ಎತ್ತಿದರು. ನನ್ನ ಮುಂದೆ ಇಟ್ಟರು.

“ಇದನ್ನ ನೋಡು.”

ಬೆಳಕಿಗೆ ಹಿಡಿದೆ, ತಿರುಗಿಸಿದೆ. ಕತ್ತು, ಹೊಟ್ಟೆ, ತಳ. ಏನೂ ಇರಲಿಲ್ಲ.

“ಕಾಣ್ತಿಲ್ಲ ಅಕ್ಕ.”

ಸರಿಯಿದೆ ಎನ್ನಬಹುದಿತ್ತು, ಅವರ ಕೈ ಇನ್ನೂ ಪಳಗಿಲ್ಲ, ತಪ್ಪಾಗಿ ಎತ್ತಿರಬಹುದು. ಆದರೆ ಅವರು ಇದೆ ಎಂದಿದ್ದರು. ಹಾಗಾಗಿ ಮತ್ತೆ ನೋಡಿದೆ. ನನ್ನ ಪಾಲಿನ ಬಾಟಲಿಗಳನ್ನೂ ಅವರೇ ನೋಡಿಕೊಳ್ಳುತ್ತಾ, ನನ್ನ ಕಡೆ ತಿರುಗದೆ ಕಾದರು.

ಕೊನೆಗೆ ಸಿಕ್ಕಿತು. ಕತ್ತು ಶುರುವಾಗುವಲ್ಲಿ, ಕೂದಲಿನ ಅರ್ಧದಷ್ಟು, ಒಂದೇ ಕೋನದಲ್ಲಿ ಮಿಂಚಿ ಮರೆಯಾಗುವ ಗೆರೆ.

“ಇದೆ ಅಕ್ಕ,” ಎಂದೆ.

“ಇದೆ ಅಂತ ನನಗೆ ಗೊತ್ತು,” ಎಂದರು ದೊಡ್ಡಕ್ಕ. “ಬುಟ್ಟಿಗೆ ಹಾಕು. ಮುಂದಿನದು ಬರ್ತಿದೆ.”